ಮಣ್ಣನ್ನು ಮಂದಿರವಾಗಿಸಿದ ಮೇರಿ ವಾಟ್ಸ್

ಇಂಗ್ಲೆಂಡಿನ ಸರ್ರೆ ಪ್ರಾಂತದಲ್ಲಿ, ಗಿಲ್ಡ್‌ಫರ್ಡ್ ಪಟ್ಟಣಕ್ಕೆ ಅನತಿದೂರದಲ್ಲಿ, ಕಾಂಪ್ಟನ್ ಎಂಬ ಚಿಕ್ಕ ಗ್ರಾಮವೊಂದಿದೆ. ಆ ಗ್ರಾಮದ ರುದ್ರಭೂಮಿಯು ಒಂದು ದಿಣ್ಣೆಯ ಇಳಿಜಾರಿನಲ್ಲಿದೆ. ಅಲ್ಲಿ ಸಮಾಧಿಗಳ ನಡುವೆ, ಹಸುರು ಮರಗಳ ಹಿನ್ನೆಲೆಯಲ್ಲಿ, ಕೆಂಪು ಇಟ್ಟಿಗೆಯಿಂದಲೂ ಸುಟ್ಟ ಜೇಡಿಮಣ್ಣಿನಿಂದಲೂ ಕಟ್ಟಿದ ಒಂದು ಪ್ರಾರ್ಥನಾ ಮಂದಿರವು ಕಾಣುತ್ತದೆ. ಇಂಗ್ಲಿಷರು ಚಾಪೆಲ್ ಎಂದು ಕರೆಯುವ ಇಂಥ ಮಂದಿರಗಳು ಆ ದೇಶದ ರುದ್ರಭೂಮಿಗಳಲ್ಲಿ ನೂರಾರು ಉಂಟು. ಆದರೆ ಕಾಂಪ್ಟನ್ನಿನ ಈ ಮಂದಿರಕ್ಕೆ ಸರಿಗಟ್ಟುವಂಥದು ಮತ್ತೊಂದಿಲ್ಲ. ಇದನ್ನು ಕಟ್ಟಿಸಿದವನು ರಾಜನಲ್ಲ, ಮಠಾಧಿಪತಿಯೂ ಅಲ್ಲ. ಇದರ ಯೋಜನೆಯನ್ನು ಹಾಕಿದವಳು ವಾಸ್ತುವಿದ್ಯೆಯನ್ನು ವೃತ್ತಿಯಾಗಿ ಕಲಿಯದಿದ್ದ ಒಬ್ಬ ಮಹಿಳೆ. ಇದರ ಗೋಡೆಗಳನ್ನು ಅಲಂಕರಿಸಿದವರು ಅದೇ ಹಳ್ಳಿಯ ಸಾಮಾನ್ಯ ಜನರು.

ಆ ಮಹಿಳೆಯ ಹೆಸರು ಮೇರಿ ಸೀಟನ್ ವಾಟ್ಸ್. ವಿಕ್ಟೋರಿಯಾ ರಾಣಿಯ ಕಾಲದ ಸುಪ್ರಸಿದ್ಧ ಚಿತ್ರಕಾರ ಜಾರ್ಜ್ ಫ್ರೆಡರಿಕ್ ವಾಟ್ಸನ ಪತ್ನಿಯೆಂದೇ ಲೋಕವು ಆಕೆಯನ್ನು ಬಹುಕಾಲ ಗುರುತಿಸಿತು. ದೊಡ್ಡ ಮರದ ನೆರಳಿನಲ್ಲಿ ಬೆಳೆದ ಗಿಡವು ಕಣ್ಣಿಗೆ ಬೀಳುವುದು ಅಪರೂಪ. ಆದರೆ ಆ ಗಿಡವು ತನ್ನದೇ ಬೇರುಗಳನ್ನು ನೆಲಕ್ಕಿಳಿಸಿ ತನ್ನದೇ ಹೂವನ್ನು ಬಿಟ್ಟಿತ್ತೆಂಬುದನ್ನು ವಾಚಕರ ಮುಂದಿಡುವುದೇ ನಮ್ಮ ಉದ್ದೇಶ.

ಮೊದಲು ಆ ಕಾಲದ ರುದ್ರಭೂಮಿಗಳ ವಿಚಾರವಾಗಿ ಎರಡು ಮಾತು ಹೇಳುವುದು ಅವಶ್ಯ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಲಂಡನ್ ಮಹಾನಗರವು ಅಳತೆ ಮೀರಿ ಬೆಳೆಯಿತು. ಚರ್ಚುಗಳ ಅಂಗಳದಲ್ಲಿ ಶವಗಳನ್ನು ಹೂಳುವುದಕ್ಕೆ ಸ್ಥಳವಿಲ್ಲದೆ, ಹೂಳಿದ ಕಡೆಯಲ್ಲೇ ಮತ್ತೆ ಮತ್ತೆ ಹೂಳುವ ಸ್ಥಿತಿ ಬಂದಿತು. ಊರಿನ ಆರೋಗ್ಯಕ್ಕೇ ಅಪಾಯವೊದಗಿತು. ಆಗ ಖಾಸಗಿ ಕಂಪೆನಿಗಳು ನಗರದ ಹೊರವಲಯದಲ್ಲಿ ವಿಶಾಲವಾದ ರುದ್ರಭೂಮಿಗಳನ್ನು ತೆರೆದವು. ಕೆನ್ಸಲ್ ಗ್ರೀನ್ ರುದ್ರಭೂಮಿಯು 1833ರಲ್ಲಿಯೂ ಹೈಗೇಟ್ ರುದ್ರಭೂಮಿಯು 1839ರಲ್ಲಿಯೂ ಆರಂಭವಾದವು. 1850ರ ದಶಕದಲ್ಲಿ ಬಂದ ಕಾನೂನುಗಳಿಂದ ಊರೂರಿನ ಸ್ಥಳೀಯ ಮಂಡಲಿಗಳಿಗೂ ರುದ್ರಭೂಮಿಯನ್ನು ಮಾಡಿಕೊಳ್ಳುವ ಅಧಿಕಾರ ದೊರೆಯಿತು. ಹೀಗೆ ಹುಟ್ಟಿದ ಸಮಾಧಿಭೂಮಿಗಳಲ್ಲಿ ಅಂತ್ಯಸಂಸ್ಕಾರದ ಪ್ರಾರ್ಥನೆಗಾಗಿ ಮಂದಿರಗಳು ಬೇಕಾದವು. ಅನೇಕ ಕಡೆ ಎರಡು ಮಂದಿರಗಳನ್ನು ಕಟ್ಟುತ್ತಿದ್ದರು: ಒಂದು ಆಂಗ್ಲಿಕನ್ ಪಂಥದವರಿಗೆ, ಇನ್ನೊಂದು ಆ ಪಂಥಕ್ಕೆ ಸೇರದ ಇತರ ಕ್ರೈಸ್ತರಿಗೆ. ಸತ್ತ ಮೇಲೂ ಪಂಕ್ತಿಭೇದವು ತಪ್ಪಲಿಲ್ಲವೆಂದು ಇದರಿಂದ ತಿಳಿಯಬಹುದು. ಈ ಕಟ್ಟಡಗಳಲ್ಲಿ ಕೆಲವು ಗ್ರೀಕ್ ಶೈಲಿಯವಾದರೂ, ಹೆಚ್ಚಿನವು ಚೂಪು ಕಮಾನಿನ ಗಾಥಿಕ್ ಶೈಲಿಯವು. ವಾಸ್ತುಶಿಲ್ಪಿಯು ನಕ್ಷೆ ಕೊಡುವನು, ಗುತ್ತಿಗೆದಾರನು ಕಟ್ಟುವನು, ಮಂಡಲಿಯು ಹಣ ಕೊಡುವುದು. ಅಲ್ಲಿಗೆ ಕೆಲಸ ಮುಗಿಯಿತು. ಶವದೊಡನೆ ಬಂದ ಬಂಧುಗಳು ಅಲ್ಲಿ ಸ್ವಲ್ಪ ಹೊತ್ತು ನಿಂತು ಹೋಗುವರೇ ಹೊರತು ಆ ಗೋಡೆಗೂ ಅವರಿಗೂ ಯಾವ ಸಂಬಂಧವೂ ಇರುತ್ತಿರಲಿಲ್ಲ. ಮೇರಿಯು ಬದಲಾಯಿಸಿದ್ದು ಈ ಸಂಬಂಧವನ್ನು.

ಮೇರಿಯು ಹುಟ್ಟಿದ್ದು ನಮ್ಮ ಭಾರತದಲ್ಲಿ, 1849ನೆಯ ಇಸವಿಯ ನವೆಂಬರ್ 25ರಂದು. ತಂದೆ ಚಾರ್ಲ್ಸ್ ಎಡ್ವರ್ಡ್ ಫ್ರೇಸರ್ ಟೈಟ್ಲರ್ ಈಸ್ಟ್ ಇಂಡಿಯಾ ಕಂಪೆನಿಯ ನೌಕರಿಯಲ್ಲಿದ್ದವನು. ಆ ಕಾಲದ ಅನೇಕ ಆಂಗ್ಲ ಮಕ್ಕಳಂತೆ ಈ ಕೂಸನ್ನೂ ಹಡಗಿನಲ್ಲಿ ಸ್ವದೇಶಕ್ಕೆ ಕಳುಹಿಸಿದರು. ಸ್ಕಾಟ್ಲೆಂಡಿನ ಉತ್ತರಭಾಗದಲ್ಲಿ, ಲಾಕ್ ನೆಸ್ ಸರೋವರದ ತೀರದ ಆಲ್ಡೂರಿ ಎಂಬ ಕೋಟೆಮನೆಯಲ್ಲಿ ಅಜ್ಜ ಅಜ್ಜಿಯರ ಆಶ್ರಯದಲ್ಲಿ ಆಕೆ ಬೆಳೆದಳು. ಆ ಸೀಮೆಯಲ್ಲಿ ಪುರಾತನ ಕೆಲ್ಟ್ ಜನರ ಶಿಲಾಶಿಲುಬೆಗಳು ಅಲ್ಲಲ್ಲಿ ನಿಂತಿವೆ. ಮೊದಲೂ ಕೊನೆಯೂ ತಿಳಿಯದಂತೆ ಒಂದರೊಳಗೊಂದು ಹೆಣೆದುಕೊಂಡ ಬಳ್ಳಿಗಳ ಕೆತ್ತನೆಯು ಅವುಗಳ ವೈಶಿಷ್ಟ್ಯ. ನಲವತ್ತು ವರ್ಷಗಳ ತರುವಾಯ ಸರ್ರೆಯ ಮಣ್ಣಿನಲ್ಲಿ ಅದೇ ಹೆಣಿಗೆಯು ಮತ್ತೆ ಮೂಡಿತು.

1860ರ ದಶಕದಲ್ಲಿ ಕುಟುಂಬವು ಇಂಗ್ಲೆಂಡಿಗೆ ಬಂದು ನೆಲೆಸಿತು. ಕಲ್ಕತ್ತೆಯಲ್ಲಿ ಜನಿಸಿದ ಪ್ರಖ್ಯಾತ ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮರೂನಳು 1868ರಲ್ಲಿ ಫ್ರೇಸರ್ ಟೈಟ್ಲರ್ ಮನೆತನದ ನಾಲ್ವರು ಸೋದರಿಯರ ಚಿತ್ರವೊಂದನ್ನು ತೆಗೆದಳು. ಹೂಬಳ್ಳಿಗಳ ನಡುವೆ ನಿಂತ ಆ ಯುವತಿಯರಲ್ಲಿ ಮೇರಿಯೂ ಒಬ್ಬಳು. ಆದರೆ ಚಿತ್ರದಲ್ಲಿ ಸುಂದರವಾಗಿ ಕಾಣುವುದಷ್ಟೇ ಆಕೆಯ ಇಚ್ಛೆಯಾಗಿರಲಿಲ್ಲ. ಚಿತ್ರವನ್ನು ಬರೆಯುವ, ಮೂರ್ತಿಯನ್ನು ರೂಪಿಸುವ ವಿದ್ಯೆಯನ್ನೇ ಆಕೆ ಬಯಸಿದಳು. ಸೌತ್ ಕೆನ್ಸಿಂಗ್ಟನ್ನಿನ ಕಲಾಶಾಲೆಯಲ್ಲಿಯೂ, ಅನಂತರ 1872–73ರಲ್ಲಿ ಸ್ಲೇಡ್ ಕಲಾಶಾಲೆಯಲ್ಲಿಯೂ ಅಭ್ಯಾಸ ಮಾಡಿದಳು. ಸ್ಲೇಡ್ ಶಾಲೆಯು 1871ರಲ್ಲಿ ಆರಂಭವಾದಂದಿನಿಂದಲೇ ಸ್ತ್ರೀಯರಿಗೆ ಬಾಗಿಲು ತೆರೆದ ಸಂಸ್ಥೆ. ಪ್ಯಾರಿಸ್ ಕಮ್ಯೂನಿನ ದಂಗೆಯ ಬಳಿಕ ಫ್ರಾನ್ಸನ್ನು ಬಿಟ್ಟು ಲಂಡನ್ನಿನಲ್ಲಿ ಆಶ್ರಯ ಪಡೆದಿದ್ದ ಶಿಲ್ಪಿ ಜೂಲ್ ದಾಲೂ ಎಂಬಾತನಲ್ಲಿಯೂ ಆಕೆ ಮೂರ್ತಿಶಿಲ್ಪವನ್ನು ಕಲಿತಳು.

ಕಲಿತ ವಿದ್ಯೆಯನ್ನು ಆಕೆ ಶ್ರೀಮಂತರ ದಿವಾನಖಾನೆಗೆ ಮಾತ್ರ ಮೀಸಲಾಗಿಡಲಿಲ್ಲ. ಲಂಡನ್ನಿನ ಬಡಜನರ ಬೀಡಾದ ವೈಟ್‌ಚಾಪೆಲ್ ಭಾಗದಲ್ಲಿ, ಬೀದಿಯಲ್ಲಿ ಕುಳಿತು ಬೂಟುಗಳಿಗೆ ಪಾಲಿಷ್ ಹಾಕುವ ಹುಡುಗರಿಗೆ ಜೇಡಿಮಣ್ಣಿನಲ್ಲಿ ಆಕಾರಗಳನ್ನು ಮಾಡುವುದನ್ನು ಕಲಿಸತೊಡಗಿದಳು. 1884ರಲ್ಲಿ ಸ್ಥಾಪಿತವಾದ ಗೃಹಕಲೆ ಮತ್ತು ಕೈಗಾರಿಕೆಗಳ ಸಂಘವೂ ಇದೇ ಧ್ಯೇಯವನ್ನಿಟ್ಟುಕೊಂಡಿತ್ತು. ಯಂತ್ರಗಳ ಹಾವಳಿಯಿಂದ ಕೈಕಸಬುಗಳು ನಶಿಸುತ್ತಿದ್ದ ಕಾಲವದು. ದುಡಿಯುವ ಜನರಿಗೆ ಬಿಡುವಿನ ವೇಳೆಯಲ್ಲಿ ಒಂದು ಕಸಬನ್ನು ಕಲಿಸಿದರೆ ಅವರ ಬಾಳಿಗೆ ಸೊಗಸೂ ಸ್ವಾಭಿಮಾನವೂ ಬರುವುವೆಂದು ಆ ಸಂಘದವರು ನಂಬಿದ್ದರು. ಮೇರಿಯೂ ಹಾಗೆಯೇ ನಂಬಿದಳು; ತನ್ನ ಜೀವಮಾನವನ್ನೆಲ್ಲ ಆ ನಂಬಿಕೆಗೆ ಒಪ್ಪಿಸಿದಳು.

1886ರ ನವೆಂಬರ್ 20ರಂದು ಜಾರ್ಜ್ ಫ್ರೆಡರಿಕ್ ವಾಟ್ಸನೊಡನೆ ಆಕೆಯ ವಿವಾಹವಾಯಿತು. ವರನಿಗೆ ಅರವತ್ತೊಂಬತ್ತು ವರ್ಷ. ವಧುವಿಗೆ ಮೂವತ್ತೇಳು ತುಂಬಲು ಐದೇ ದಿನಗಳು ಉಳಿದಿದ್ದುವು. ಪ್ರಸಿದ್ಧ ನಟಿ ಎಲೆನ್ ಟೆರಿಯೊಡನೆ 1864ರಲ್ಲಿ ನಡೆದಿದ್ದ ವಾಟ್ಸನ ಮೊದಲ ಮದುವೆಯು ವರ್ಷ ತುಂಬುವುದರೊಳಗೆ ಮುರಿದುಹೋಗಿತ್ತು. ಎರಡನೆಯ ದಾಂಪತ್ಯವು ಹಾಗಾಗಲಿಲ್ಲ. ಹೊಸ ದಂಪತಿಗಳು ಈಜಿಪ್ಟ್, ಗ್ರೀಸ್ ಮತ್ತು ಕಾನ್‌ಸ್ಟಾಂಟಿನೋಪಲ್‌ಗಳ ಯಾತ್ರೆಯನ್ನು ಕೈಕೊಂಡರು. ಪ್ರಾಚೀನ ಜನಾಂಗಗಳು ಮರಣವನ್ನೂ ಅಮರತ್ವವನ್ನೂ ಕಲ್ಲಿನಲ್ಲಿ ಹೇಗೆ ಚಿತ್ರಿಸಿದರೆಂಬುದನ್ನು ಮೇರಿಯು ಕಣ್ಣಾರೆ ಕಂಡಳು. ತಿರುಗಿ ಬಂದ ಮೇಲೆ ಮಾತ್ರ ಕುಂಚವನ್ನು ಬಹುಮಟ್ಟಿಗೆ ಕೆಳಗಿಟ್ಟಳು. ಮಹಾಚಿತ್ರಕಾರನ ಮನೆಯಲ್ಲಿ ಎರಡನೆಯ ಚಿತ್ರಕಾರಳಾಗಿ ಇರುವುದು ಆಕೆಗೆ ಸಾಧ್ಯವೆನಿಸಲಿಲ್ಲವೇನೋ. ಅಲಂಕರಣ ಕಲೆಯ ಕಡೆಗೆ ಆಕೆಯ ಮನಸ್ಸು ಹೊರಳಿತು.

ಲಂಡನ್ನಿನ ಚಳಿಯೂ ಹೊಗೆಯೂ ವೃದ್ಧ ಪತಿಯ ಆರೋಗ್ಯಕ್ಕೆ ಒಗ್ಗದಿದ್ದುದರಿಂದ, 1891ರಲ್ಲಿ ದಂಪತಿಗಳು ಕಾಂಪ್ಟನ್ನಿನಲ್ಲಿ ಮನೆ ಮಾಡಿಕೊಂಡರು. ವಾಸ್ತುಶಿಲ್ಪಿ ಅರ್ನೆಸ್ಟ್ ಜಾರ್ಜನು ಕಟ್ಟಿಕೊಟ್ಟ ಆ ಮನೆಗೆ ಲಿಮ್ನರ್ಸ್‌ಲೀಸ್ ಎಂದು ಹೆಸರಿಟ್ಟರು. ಚಿತ್ರಕಾರನೆಂಬರ್ಥದ ಒಂದು ಹಳೆಯ ಮಾತನ್ನೂ, ಸುಗ್ಗಿಯಾದ ಮೇಲೆ ಹೊಲದಲ್ಲಿ ಉಳಿದ ತೆನೆಗಳನ್ನು ಆಯ್ದುಕೊಳ್ಳುವುದೆಂಬರ್ಥದ ಇನ್ನೊಂದು ಮಾತನ್ನೂ ಕೂಡಿಸಿ ಮಾಡಿದ ಹೆಸರದು. ಬಾಳಿನ ಸಂಜೆಯಲ್ಲಿ ಉಳಿದ ತೆನೆಗಳನ್ನು ಆಯ್ದುಕೊಳ್ಳುವ ಆಸೆ ಅದರಲ್ಲಡಗಿತ್ತು.

ಇಲ್ಲಿ ಒಂದು ಸಂಗತಿಯನ್ನು ನಾವು ಮರೆಯಬಾರದು. ಕಾಂಪ್ಟನ್ ಮೇರಿಯ ಊರಾಗಿರಲಿಲ್ಲ. ಹುಟ್ಟಿದ್ದು ಭಾರತದಲ್ಲಿ, ಬೆಳೆದದ್ದು ಸ್ಕಾಟ್ಲೆಂಡಿನಲ್ಲಿ, ಕಲಿತದ್ದು ಲಂಡನ್ನಿನಲ್ಲಿ. ಹಳ್ಳಿಯವರ ಪಾಲಿಗೆ ಆಕೆ ಹೊರಗಿನಿಂದ ಬಂದ ದೊಡ್ಡಮನೆಯ ಹೆಂಗಸು. ಹಣವಂತರು ಹಳ್ಳಿಗೆ ಬಂದು ಮನೆ ಕಟ್ಟಿಕೊಂಡು, ಎತ್ತರದ ಬೇಲಿಯ ಹಿಂದೆ ಕಾಲ ಕಳೆದು, ಹಳ್ಳಿಗರ ಮುಖವನ್ನೇ ಅರಿಯದೆ ತೀರಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ. ಪರಸ್ಥಳದಲ್ಲಿ ನೆಲೆಸಿ ಬಾಳುವ ನಮ್ಮ ವಾಚಕರಿಗೆ, ಬಂದ ಊರನ್ನು ತನ್ನ ಊರಾಗಿಸಿಕೊಳ್ಳುವ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಮೇರಿಯು ಅದಕ್ಕೆ ಕಂಡುಕೊಂಡ ಮಾರ್ಗವೇ ಆಕೆಯ ಜೀವನದ ಸಾರ.

1894ರ ಕಾನೂನಿನಿಂದ ಇಂಗ್ಲೆಂಡಿನ ಹಳ್ಳಿಗಳಲ್ಲಿ ಚುನಾಯಿತ ಗ್ರಾಮಸಭೆಗಳು ಹುಟ್ಟಿದುವು. ಕಾಂಪ್ಟನ್ನಿನ ಹಳೆಯ ಚರ್ಚಿನ ಅಂಗಳದಲ್ಲಿ ಸಮಾಧಿಗೆ ಸ್ಥಳವು ಸಾಲದಾದಾಗ, ಹೊಸ ಗ್ರಾಮಸಭೆಯು 1895ರಲ್ಲಿ ರುದ್ರಭೂಮಿಗಾಗಿ ಬೇರೆ ನೆಲವನ್ನು ಪಡೆಯಿತು. ಅಲ್ಲಿ ಪ್ರಾರ್ಥನಾ ಮಂದಿರವೊಂದನ್ನು ಕಟ್ಟಿಕೊಡಲು ವಾಟ್ಸ್ ದಂಪತಿಗಳು ಮುಂದೆ ಬಂದರು. ಯೋಜನೆ ಮೇರಿಯದು, ಖರ್ಚು ಪತಿಯದು. ತನ್ನ ಕುಂಚದ ಸಂಪಾದನೆಯಿಂದ ಆತನು ಹಣವನ್ನು ಒದಗಿಸಿದನು. ಕಟ್ಟಡದ ತಾಂತ್ರಿಕ ವಿಷಯಗಳಲ್ಲಿ ಜಾರ್ಜ್ ರೆಡ್‌ಮೇನ್ ಎಂಬ ವಾಸ್ತುಶಿಲ್ಪಿಯ ನೆರವು ದೊರೆಯಿತು. ಪೇಟೆಯಿಂದ ಕುಶಲಕರ್ಮಿಗಳನ್ನು ಕರೆಸಿದ್ದರೆ ಮಂದಿರವು ಬೇಗನೆ ಸಿದ್ಧವಾಗುತ್ತಿತ್ತು. ಮೇರಿಯು ಹಾಗೆ ಮಾಡಲಿಲ್ಲ. ಲಿಮ್ನರ್ಸ್‌ಲೀಸ್ ಮನೆಯ ಹಿತ್ತಿಲಿನಲ್ಲಿಯೇ ಜೇಡಿಮಣ್ಣು ಸಿಕ್ಕಿತ್ತು. ಅದನ್ನು ಅಗೆಯಿಸಿ, ಹಳ್ಳಿಯವರನ್ನು ಮನೆಗೆ ಕರೆದು, ಸಂಜೆಯ ತರಗತಿಗಳನ್ನು ಆರಂಭಿಸಿದಳು.

ಜೇಡಿಮಣ್ಣಿನ ಕೆಲಸವು ಸುಲಭವಲ್ಲ. ಅಗೆದ ಮಣ್ಣಿನಿಂದ ಕಲ್ಲು ಬೇರುಗಳನ್ನು ತೆಗೆಯಬೇಕು. ನೀರು ಹಾಕಿ ಕಲಸಿ, ಒಳಗೆ ಗಾಳಿಯ ಗುಳ್ಳೆ ಉಳಿಯದಂತೆ ನಾದಬೇಕು. ಆಕಾರ ಕೊಟ್ಟ ಹಲಗೆಯನ್ನು ಅವಸರವಿಲ್ಲದೆ ಒಣಗಿಸಬೇಕು. ಒಣಗುವಾಗಲೂ ಆವಿಗೆಯಲ್ಲಿ ಬೇಯುವಾಗಲೂ ಮಣ್ಣು ಕುಗ್ಗುತ್ತದೆ. ಆದಕಾರಣ ಮೊದಲೇ ಅಳತೆಯನ್ನು ಹಿಗ್ಗಿಸಿ ಲೆಕ್ಕ ಹಾಕದಿದ್ದರೆ ಗೋಡೆಯ ಮೇಲೆ ಒಂದು ಬಿಲ್ಲೆಗೊಂದು ಕೂಡುವುದಿಲ್ಲ. ಹಗಲೆಲ್ಲ ತಮ್ಮ ತಮ್ಮ ಕೆಲಸಗಳಲ್ಲಿ ದಣಿದ ಜನರು ಸಂಜೆ ಬಂದು ದೀಪದ ಬೆಳಕಿನಲ್ಲಿ ಇವೆಲ್ಲವನ್ನೂ ಕಲಿತರು. ಮೇರಿಯು ನಮೂನೆಗಳನ್ನು ಬರೆದುಕೊಟ್ಟಳು. ಅವರು ಅವುಗಳನ್ನು ಮಣ್ಣಿನಲ್ಲಿ ಮೂಡಿಸಿದರು. ಹೀಗೆ ಕೈಜೋಡಿಸಿದವರ ಸಂಖ್ಯೆ ಎಪ್ಪತ್ತನ್ನು ಮೀರಿತ್ತೆಂದರೆ, ಆ ಪುಟ್ಟ ಹಳ್ಳಿಯಲ್ಲಿ ಈ ಕಾರ್ಯಕ್ಕೆ ದೊರೆತ ಬೆಂಬಲವನ್ನು ಊಹಿಸಿಕೊಳ್ಳಬಹುದು. ಕೈ ಕೆಸರಾದರೆ ಬಾಯಿ ಮೊಸರೆಂಬುದು ನಮ್ಮ ಗಾದೆ. ಇಲ್ಲಿ ಕೆಸರಾದ ಕೈಗಳಿಗೆ ದೊರೆತದ್ದು ಮೊಸರಿಗಿಂತ ಹೆಚ್ಚಿನದು.

1898ರ ಜುಲೈ 1ರಂದು ಮಂದಿರದ ಪ್ರತಿಷ್ಠೆಯಾಯಿತು. ಅದರ ವಾಸ್ತುವನ್ನು ನಾವು ಸ್ವಲ್ಪ ನಿಧಾನವಾಗಿ ಗಮನಿಸೋಣ. ತಳವಿನ್ಯಾಸವು ಒಂದು ವೃತ್ತ. ಆ ವೃತ್ತವನ್ನು ನಾಲ್ಕೂ ಕೈಗಳು ಸಮವಾಗಿರುವ ಗ್ರೀಕ್ ಶಿಲುಬೆಯು ಹಾದುಹೋಗುತ್ತದೆ. ಆದಿ ಅಂತ್ಯಗಳಿಲ್ಲದ ವೃತ್ತವು ಅನಂತತೆಯ ಚಿಹ್ನೆ. ಶಿಲುಬೆಯು ಶ್ರದ್ಧೆಯ ಚಿಹ್ನೆ. ಹೀಗೆ ನೆಲದ ಮೇಲಿನ ರೇಖೆಯಿಂದಲೇ ಅರ್ಥವು ಆರಂಭವಾಗುತ್ತದೆ. ಬಾಗಿಲಿಗೆ ಹಳೆಯ ರೋಮನೆಸ್ಕ್ ಮಾದರಿಯ ಅರ್ಧವರ್ತುಲದ ಕಮಾನು. ಕಮಾನಿನ ಸುತ್ತು ಸುತ್ತುಗಳಲ್ಲಿ ದೇವದೂತರ ಮುಖಗಳೂ ಹೆಣೆದ ಬಳ್ಳಿಗಳೂ ಒತ್ತೊತ್ತಾಗಿ ಮೂಡಿವೆ. ಹೊರಗೋಡೆಗಳ ಮೇಲೆ ನಾಲ್ಕು ಚಿತ್ರಪಟ್ಟಿಕೆಗಳಿವೆ. ಆಶೆ, ಸತ್ಯ, ಪ್ರೇಮ, ಬೆಳಕು ಎಂಬ ನಾಲ್ಕು ಚೈತನ್ಯಗಳನ್ನು ಅವು ಸೂಚಿಸುತ್ತವೆ. ಕೆಲ್ಟ್ ಜನರ ಹೆಣಿಗೆ, ರೋಮನೆಸ್ಕ್ ಕಮಾನು, ಬೈಜಾಂಟಿಯಮ್ಮಿನ ವೈಭವ, ಈಜಿಪ್ಟಿನ ಸಂಕೇತ, ಆಗತಾನೇ ಯುರೋಪಿನಲ್ಲಿ ಹುಟ್ಟಿದ್ದ ಆರ್ ನೂವೋ ಎಂಬ ನವ್ಯಕಲೆಯ ಬಳುಕು, ಇವೆಲ್ಲವೂ ಒಂದೇ ಕೆಂಪು ಮಣ್ಣಿನಲ್ಲಿ ಬೆರೆತುಹೋಗಿವೆ.

ಹೊರಗಿನ ಕೆಂಪಿನಿಂದ ಒಳಗೆ ಅಡಿಯಿಟ್ಟವನಿಗೆ ಬೇರೆ ಲೋಕವೇ ಎದುರಾಗುತ್ತದೆ. ಒಳಗೋಡೆಗಳ ಅಲಂಕರಣವು ಜೆಸೊ ಎಂಬ ಗಾರೆಯದು. ಬಿಳಿಯ ಪುಡಿಯನ್ನು ಅಂಟಿನೊಡನೆ ಕಲಸಿ, ನಾರಿನ ಬಲವನ್ನು ಕೊಟ್ಟು, ಉಬ್ಬುಚಿತ್ರಗಳಾಗಿ ರೂಪಿಸಿ, ಮೇಲೆ ಬಣ್ಣವನ್ನೂ ಬಂಗಾರವನ್ನೂ ಬಳಿಯುವ ವಿಧಾನವಿದು. ಈ ಕೆಲಸವು ಪ್ರತಿಷ್ಠೆಯ ಅನಂತರವೂ ನಡೆದು 1904ರಲ್ಲಿ ಪೂರ್ಣವಾಯಿತು. ಕೆಳಗಡೆ ಜೀವವೃಕ್ಷದ ಬೇರುಗಳು ಹೆಣೆದುಕೊಂಡು ಮೇಲಕ್ಕೇರುತ್ತವೆ. ಅವುಗಳ ಮೇಲೆ ರೆಕ್ಕೆಗಳುಳ್ಳ ದೇವದೂತರು ಸುತ್ತಲೂ ನಿಂತಿದ್ದಾರೆ. ಒಬ್ಬನು ಬಾಳಿನ ಬೆಳಕಿನ ಮುಖವನ್ನು ತೋರಿದರೆ ಪಕ್ಕದವನು ಕತ್ತಲ ಮುಖವನ್ನು ತೋರುತ್ತಾನೆ. ಹಗಲಿನ ಜೊತೆಗೆ ಇರುಳು, ಬೆಳವಣಿಗೆಯ ಜೊತೆಗೆ ಕ್ಷಯ, ಸುಖದ ಜೊತೆಗೆ ದುಃಖ, ಜನನದ ಜೊತೆಗೆ ಮರಣ. ಪ್ರಿಯರನ್ನು ಕಳೆದುಕೊಂಡು ಬಂದವರಿಗೆ ಈ ಗೋಡೆಯು ಸಾವಿಲ್ಲವೆಂಬ ಸುಳ್ಳು ಸಮಾಧಾನವನ್ನು ಹೇಳುವುದಿಲ್ಲ. ಕತ್ತಲೆಯೂ ಅದೇ ವೃಕ್ಷದ ಒಂದು ಕೊಂಬೆಯೆಂದು ಮಾತ್ರ ತೋರಿಸುತ್ತದೆ. ಬಲಿಪೀಠದ ಮೇಲುಗಡೆ ಪತಿಯ ಚಿತ್ರವೊಂದಿದೆ. ಸರ್ವವ್ಯಾಪಿಯಾದ ಶಕ್ತಿಯು ನಕ್ಷತ್ರಗೋಳವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಆ ಚಿತ್ರದ ಈ ಪ್ರತಿಯನ್ನು ವಾಟ್ಸನು ತನ್ನ ಕೊನೆಯ ವರ್ಷದಲ್ಲಿ ಬರೆದುಕೊಟ್ಟನು.

ಈ ಮಂದಿರದಲ್ಲಿ ದೋಷವಿಲ್ಲವೆಂದು ನಾವು ಹೇಳುವುದಿಲ್ಲ. ಕಣ್ಣಿಗೆ ವಿಶ್ರಾಂತಿ ದೊರೆಯುವಂಥ ಬರಿದಾದ ಸ್ಥಳವು ಗೋಡೆಯಲ್ಲಿ ಎಲ್ಲಿಯೂ ಇಲ್ಲ. ಸಂಕೇತಗಳೂ ತಾವಾಗಿ ಅರ್ಥವನ್ನು ಬಿಟ್ಟುಕೊಡುವಂಥವಲ್ಲ; ಅವುಗಳನ್ನು ವಿವರಿಸಲು ಮೇರಿಯು ಒಂದು ಸಣ್ಣ ಪುಸ್ತಕವನ್ನೇ ಬರೆಯಬೇಕಾಯಿತು. ಆದರೆ ಎಪ್ಪತ್ತಕ್ಕೂ ಹೆಚ್ಚು ಜನರ ಕೈಗಳಿಗೆ ಕೆಲಸ ಕೊಟ್ಟ ಗೋಡೆಯು ಬರಿದಾಗಿರುವುದಾದರೂ ಹೇಗೆ? ಅದಲ್ಲದೆ, ಆ ಮಣ್ಣನ್ನು ನಾದಿದವರು ಅದೇ ನೆಲದಲ್ಲಿ ಮುಂದೊಂದು ದಿನ ಮಲಗಬೇಕಾದವರು. ತಮ್ಮ ಹಿರಿಯರನ್ನು ಅವರು ಇದೇ ಬಾಗಿಲಿನಿಂದ ಹೊತ್ತು ತರುವರು. ತಮ್ಮ ಕೈಯಲ್ಲೇ ಮೂಡಿದ ದೇವದೂತನ ಮುಖವನ್ನು ಆಗ ನೋಡುವರು. ಇತರ ರುದ್ರಭೂಮಿಗಳ ಮಂದಿರಗಳಿಗೂ ಇದಕ್ಕೂ ಇರುವ ಮುಖ್ಯ ಭೇದವು ಕಮಾನಿನದಲ್ಲ, ಈ ಸಂಬಂಧದ್ದು.

ಮಂದಿರದ ಕೆಲಸವು ಮುಗಿದಾಗ, ಕೈಗೆ ಬಂದ ಕಸಬನ್ನು ಜನರು ಬಿಡಲೊಪ್ಪಲಿಲ್ಲ. ಸಂಜೆಯ ತರಗತಿಯೇ ಕ್ರಮೇಣ ಕಾಂಪ್ಟನ್ ಕುಂಬಾರರ ಕಲಾಸಂಘವಾಗಿ ಮಾರ್ಪಟ್ಟಿತು. ಹೂದೋಟದ ಕುಂಡಗಳು, ನೆರಳುಗಡಿಯಾರದ ಪೀಠಗಳು, ಸಮಾಧಿಯ ಗುರುತುಗಳು ಅಲ್ಲಿ ತಯಾರಾಗಿ ಲಂಡನ್ನಿನ ಪ್ರಸಿದ್ಧ ಲಿಬರ್ಟಿ ಅಂಗಡಿಯಲ್ಲಿ ಮಾರಾಟವಾದುವು. ಹೊಟ್ಟೆಪಾಡಿಗಾಗಿ ಪಟ್ಟಣಕ್ಕೆ ಗುಳೆಹೋಗುವುದು ಹಳ್ಳಿಗರಿಗೆ ಅನಿವಾರ್ಯವಾಗಿದ್ದ ಕಾಲದಲ್ಲಿ, ಮನೆಯ ಮುಂದಿನ ಮಣ್ಣಿನಿಂದಲೇ ಕೆಲವರಿಗಾದರೂ ಜೀವನೋಪಾಯವು ದೊರೆಯಿತು. ಆ ಕುಂಬಾರಶಾಲೆಯು ಎರಡು ಮಹಾಯುದ್ಧಗಳನ್ನೂ ದಾಟಿ 1956ರವರೆಗೆ ನಡೆಯಿತು.

1904ನೆಯ ವರ್ಷವು ಮೇರಿಯ ಪಾಲಿಗೆ ಸಂತೋಷವನ್ನೂ ದುಃಖವನ್ನೂ ಒಟ್ಟಿಗೆ ತಂದಿತು. ಪತಿಯ ಚಿತ್ರಗಳಿಗಾಗಿಯೇ ಕಾಂಪ್ಟನ್ನಿನಲ್ಲಿ ಕಟ್ಟಿಸಿದ ಚಿತ್ರಶಾಲೆಯು ಏಪ್ರಿಲ್ 1ರಂದು ತೆರೆಯಿತು. ಮೂರೇ ತಿಂಗಳಲ್ಲಿ, ಜುಲೈ 1ರಂದು, ವಾಟ್ಸನು ಎಂಬತ್ತೇಳನೆಯ ವಯಸ್ಸಿನಲ್ಲಿ ಕಾಲವಾದನು. ಆರು ವರ್ಷಗಳ ಹಿಂದೆ ಮಂದಿರದ ಪ್ರತಿಷ್ಠೆಯಾದದ್ದೂ ಅದೇ ತಾರೀಖಿನಂದು. ದೇಹವನ್ನು ದಹಿಸಿ ಭಸ್ಮವನ್ನು ಆ ರುದ್ರಭೂಮಿಯಲ್ಲಿ ಇಟ್ಟರು. ಹಳ್ಳಿಯವರಿಗಾಗಿ ಪತ್ನಿಯು ಕಟ್ಟಿದ ಮಂದಿರದ ಬಳಿಯಲ್ಲಿಯೇ ಪತಿಗೂ ಎಡೆಯಾಯಿತು.

ಹದಿನೇಳೂವರೆ ವರ್ಷಗಳ ದಾಂಪತ್ಯದ ಬಳಿಕ ಮೂವತ್ತನಾಲ್ಕು ವರ್ಷಗಳ ವೈಧವ್ಯ. ಆ ದೀರ್ಘಕಾಲವನ್ನು ಆಕೆ ಕೊರಗಿನಲ್ಲಿ ಕಳೆಯಲಿಲ್ಲ. ಚಿತ್ರಶಾಲೆಯನ್ನೂ ಕುಂಬಾರಶಾಲೆಯನ್ನೂ ಕಾಪಾಡಿದಳು. 1912ರಲ್ಲಿ ಪತಿಯ ಜೀವನಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದಳು. ಅದರಲ್ಲಿ ತನ್ನ ವಿಷಯವನ್ನು ಆದಷ್ಟು ಮರೆಯಲ್ಲಿಟ್ಟಳು. ಸ್ತ್ರೀಯರಿಗೆ ಮತಾಧಿಕಾರ ಬೇಕೆಂಬ ಚಳವಳಿಗೂ ಧುಮುಕಿ, ನೆರೆಯ ಗೊಡಾಲ್ಮಿಂಗ್ ಪಟ್ಟಣದ ಮತಾಧಿಕಾರ ಸಂಘದ ಅಧ್ಯಕ್ಷಳಾದಳು. ಬ್ರಿಟನ್ನಿನ ಸ್ತ್ರೀಯರಿಗೆ 1918ರಲ್ಲಿ ಭಾಗಶಃ ಆ ಹಕ್ಕು ಬಂದಿತು. 1928ರಲ್ಲಿ ಪುರುಷರಿಗೆ ಸಮಾನವಾಗಿ ಅದು ದೊರೆತಾಗ ಮೇರಿಗೆ ಎಪ್ಪತ್ತೆಂಟು ವರ್ಷ. ಗ್ರಾಮದ ಕುಲುಮೆ ಹೊಲಗಳ ಜನರಿಗೂ ಕಲೆಯಲ್ಲಿ ಪಾಲುಂಟೆಂದು ವಾದಿಸಿದವಳು, ರಾಜ್ಯದ ಆಡಳಿತದಲ್ಲಿ ಸ್ತ್ರೀಗೂ ಪಾಲುಂಟೆಂದು ವಾದಿಸಿದ್ದು ಸಹಜವೇ ಸರಿ.

1938ರ ಸೆಪ್ಟೆಂಬರ್ 6ರಂದು, ಎಂಬತ್ತೆಂಟನೆಯ ವಯಸ್ಸಿನಲ್ಲಿ, ಮೇರಿ ವಾಟ್ಸ್ ತೀರಿಕೊಂಡಳು. ಕಾಂಪ್ಟನ್ನಿನ ರುದ್ರಭೂಮಿಯೇ ಆಕೆಯ ಚಿರವಿಶ್ರಾಂತಿಯ ತಾಣವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ವಿಕ್ಟೋರಿಯಾ ಕಾಲದ ಕಲೆಯ ಬಗೆಗೇ ಜನರಲ್ಲಿ ಉದಾಸೀನವು ಬೆಳೆದಿತ್ತು; ಪತಿಯ ಕೀರ್ತಿಯು ಮಸುಕಾಯಿತು, ಪತ್ನಿಯ ಹೆಸರಂತೂ ಮರೆತೇಹೋಯಿತು. ಕಾಲವು ಮತ್ತೆ ಹೊರಳಿತು. ಇಂದು ಈ ಮಂದಿರವು ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳಲ್ಲಿ ಅತ್ಯುನ್ನತ ದರ್ಜೆಯ ಪಟ್ಟಿಗೆ ಸೇರಿದೆ. ಆಕೆಯ ದಿನಚರಿಯು 2016ರಲ್ಲಿ ಅಚ್ಚಾಯಿತು. ಚಿತ್ರಕಾರನನ್ನು ನೋಡಲು ಕಾಂಪ್ಟನ್ನಿಗೆ ಬರುವವರಿಗೆ ಈಗ ಆತನ ಪತ್ನಿಯ ಹೆಸರೂ ತಿಳಿದಿರುತ್ತದೆ.

ಹೊರಗಿನಿಂದ ಬಂದವರು ಊರಿಗೆ ಹಣ ಕೊಡಬಹುದು, ಕಟ್ಟಡ ಕೊಡಬಹುದು. ಅವನ್ನು ಪಡೆದ ಊರು ಕೃತಜ್ಞತೆಯಿಂದ ಒಂದು ಹಲಗೆಯ ಮೇಲೆ ಹೆಸರು ಬರೆದು ಸುಮ್ಮನಾಗುವುದು. ಮೇರಿ ವಾಟ್ಸ್ ಬೇರೆ ದಾರಿಯನ್ನು ಹಿಡಿದಳು. ಊರಿನ ಮಣ್ಣನ್ನೇ ಅಗೆದು, ಊರಿನವರ ಕೈಗೆ ಕೊಟ್ಟು, ಅವರ ಪಕ್ಕದಲ್ಲಿ ಕುಳಿತು ತಾನೂ ಕೈಯನ್ನು ಕೆಸರು ಮಾಡಿಕೊಂಡಳು. ಕಾಂಪ್ಟನ್ನಿನ ಜನರೊಡನೆ ಅದೇ ಮಣ್ಣಿನಲ್ಲಿ ಆಕೆ ಈಗ ಮಲಗಿದ್ದಾಳೆ. ಆ ನೆಲದಲ್ಲಿ ಆಕೆಯನ್ನು ಪರಸ್ಥಳದವಳೆಂದು ಕರೆಯುವವರು ಯಾರೂ ಇಲ್ಲ.